ನಡು ಹಗ್ಗ ಹಿಡಿದವಳು

ತಂತಿಯ ಮೇಲೆ ನಡೆಯುವವರನ್ನು ನೋಡಲು ಊರಿಗೆ ಊರೇ ಕತ್ತೆತ್ತಿ ನಿಲ್ಲುತ್ತದೆ. ಬಾಯಿ ತೆರೆದಿರುತ್ತದೆ, ಕೈಯಲ್ಲಿ ಫೋನು ಇರುತ್ತದೆ, ಹೊಟ್ಟೆಯ ಯಾವುದೋ ಮೂಲೆಯಲ್ಲಿ ‘ಬಿದ್ದುಬಿಟ್ಟರೆ?’ ಅನ್ನುವ ಚಪಲವೂ ಇರುತ್ತದೆ. ಅದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ, ಬಿಡಿ. ಆದರೆ ಅಷ್ಟು ತಲೆಗಳ ನಡುವೆ ಬಗ್ಗಿದ ತಲೆಯೊಂದು ಇರುತ್ತದೆ. ತಂತಿಯ ನಡುಭಾಗದಿಂದ ಇಳಿದುಬಂದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಾಲಿನ ಉಗುರನ್ನೇ ನೋಡುತ್ತ ಕೂತ ಹೆಂಗಸಿನ ತಲೆ ಅದು. ಅವಳನ್ನು ಯಾರೂ ನೋಡುವುದಿಲ್ಲ. ಅವಳೂ ಯಾರನ್ನೂ ನೋಡುವುದಿಲ್ಲ.

ಮನೆಯವರಿಗೆ ಅವಳು ಅಕ್ಕ. ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆದು ಕರೆದು, ಅವಳಿಗೊಂದು ಬೇರೆ ಹೆಸರಿತ್ತು ಅನ್ನುವುದೇ ಮರೆತುಹೋಗಿತ್ತು. ತಲೆತಲಾಂತರದಿಂದ ತಂತಿ ನಡೆಯುವ ಮನೆತನ. ಅಜ್ಜ ನಡೆದ, ಅಪ್ಪ ನಡೆದ, ತಮ್ಮ ನಡೆದ, ಈಗ ತಮ್ಮನ ಮಗಳು ನಡೆಯಲು ಹೊರಟಿದ್ದಾಳೆ. ಪೋಸ್ಟರಿನಲ್ಲಿ ಇವರೆಲ್ಲರ ಮುಖ ಇದೆ. ಅಜ್ಜನದಂತೂ ಮೀಸೆ ಸಮೇತ ಇದೆ. ಅಕ್ಕನದು ಇಲ್ಲ. ಬೇಕೆಂದೇ ಬಿಟ್ಟದ್ದಲ್ಲ, ಯಾರಿಗೂ ನೆನಪೇ ಆಗಲಿಲ್ಲ. ಬೇಕೆಂದು ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು.

ತಂತಿಯ ವಿದ್ಯೆ ಕಾಲಿನದು ಎಂದು ನೋಡುವವರು ತಿಳಿದಿರುತ್ತಾರೆ. ಅದು ಅರ್ಧ ನಿಜ. ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ತಂತಿ ಹಾದುಹೋಗುವಂತೆ ಅಂಗಾಲನ್ನು ಉದ್ದಕ್ಕೆ ಊರಬೇಕು. ಕೈಯಲ್ಲಿರುವ ಉದ್ದನೆಯ ಕೋಲು ತನ್ನ ಭಾರಕ್ಕೆ ತಾನೇ ತುದಿಗಳಲ್ಲಿ ಬಾಗಿ, ಮೈಯ ತೂಕವನ್ನು ಕೆಳಕ್ಕೆ ಎಳೆದಿಟ್ಟುಕೊಳ್ಳುತ್ತದೆ. ಮೈ ವಾಲಿದರೂ ಅಷ್ಟು ಉದ್ದದ ಕೋಲು ಥಟ್ಟನೆ ತಿರುಗುವುದಿಲ್ಲ. ಆ ಚೂರು ಸಾವಕಾಶದಲ್ಲೇ ನಡೆಯುವವರು ಸಾವರಿಸಿಕೊಳ್ಳಬೇಕು. ಇದೆಲ್ಲ ಸರಿ. ಆದರೆ ತಂತಿ ಸುಮ್ಮನಿರಬೇಕಲ್ಲ? ಅದು ನಡುವಿನಲ್ಲಿ ಜೋಲುತ್ತದೆ, ಪಕ್ಕಕ್ಕೆ ತೂಗುತ್ತದೆ. ಇಟ್ಟ ಹೆಜ್ಜೆಯ ನಡುಕ ತುದಿಯವರೆಗೆ ಓಡಿ, ಗೋಡೆಗೆ ಬಡಿದು, ಇಟ್ಟವರ ಕಾಲಿಗೇ ವಾಪಸ್ ಬರುತ್ತದೆ. ಅದನ್ನು ತಡೆಯಲು ಎರಡೂ ಪಕ್ಕದಿಂದ ನೆಲಕ್ಕೆ ಅಲ್ಲಲ್ಲಿ ಹಗ್ಗ ಇಳಿಸುತ್ತಾರೆ. ಬೇರೆ ಮನೆತನದವರು ಎಲ್ಲ ಹಗ್ಗವನ್ನೂ ಗೂಟಕ್ಕೋ ಕಬ್ಬಿಣದ ತೂಕಕ್ಕೋ ಬಿಗಿದು ಕೈತೊಳೆದುಕೊಳ್ಳುತ್ತಾರೆ. ಈ ಮನೆಯವರು ಮಾತ್ರ ನಡುವಿನ ಜೋಡಿ ಹಗ್ಗವನ್ನು ಕಟ್ಟುವುದಿಲ್ಲ, ಮನುಷ್ಯರ ಕೈಗೆ ಕೊಡುತ್ತಾರೆ. ಗೂಟ ಹಟಮಾರಿ, ಕೈ ಹಾಗಲ್ಲ, ಬಿಡಬೇಕಾದಲ್ಲಿ ಬಿಡುತ್ತದೆ ಎನ್ನುವುದು ಅವರ ನಂಬಿಕೆ. ಬಲಗಡೆಯ ಹಗ್ಗಕ್ಕೆ ತೋಳಿನ ಬಲ ಸಾಕು. ಎಡಗಡೆಯದಕ್ಕೆ ಕಿವಿಯಂಥ ಕೈ ಬೇಕು.

ಹಗ್ಗದವರಿಗೆ ಕಟ್ಟುಪಾಡುಗಳೂ ಇದ್ದವು. ಮೇಲೆ ನೋಡಕೂಡದು. ನೋಡಿದರೆ ಮೇಲಿನವರು ವಾಲಿದ ಕಡೆಗೇ ಕೆಳಗಿನವರ ಮೈಯೂ ವಾಲಿ, ಕೈ ತಂತಾನೇ ಎಳೆದುಬಿಡುತ್ತದೆ. ಪ್ರೀತಿ ಇದ್ದಷ್ಟೂ ಜೋರಾಗಿ ಎಳೆಯುತ್ತದೆ. ಹಗ್ಗವನ್ನು ಮೈಗೆ ಸುತ್ತಿಕೊಳ್ಳಕೂಡದು. ಸುತ್ತಿಕೊಂಡರೆ ಹಿಡಿದವರ ಉಸಿರು, ಕೆಮ್ಮು, ಎಲ್ಲವೂ ಹಗ್ಗ ಹತ್ತಿ ತಂತಿಗೆ ಹೋಗುತ್ತದೆ. ಇನ್ನು ತಂತಿಯಿಂದ ಇಳಿದವರು ಒಂದು ಗುಟುಕು ನೀರು ಕುಡಿಯುವುದಕ್ಕೂ ಮೊದಲು ಎಡಗಡೆಯ ಹಗ್ಗದವರ ಹತ್ತಿರ ಬರಬೇಕು. ನಡಿಗೆ ಹೇಗಿತ್ತೆಂದು ಅವರ ಬಾಯಿಂದಲೇ ಕೇಳಬೇಕು. ಚಪ್ಪಾಳೆ, ಹಾರ, ಫೋಟೋ ಎಲ್ಲ ಆಮೇಲೆ.

ಅಕ್ಕನೂ ಚಿಕ್ಕಂದಿನಲ್ಲಿ ತಂತಿ ನಡೆದವಳೇ. ತಮ್ಮನಿಗಿಂತ ಚೆನ್ನಾಗಿ ನಡೆಯುತ್ತಿದ್ದಳು ಎಂದು ಅಪ್ಪನೇ ಒಮ್ಮೆ ಬಾಯಿತಪ್ಪಿ ಹೇಳಿದ್ದ. ಆಗ ಎಡಗಡೆಯ ಹಗ್ಗ ಅಮ್ಮನ ಕೈಯಲ್ಲಿತ್ತು. ಒಂದು ದಿನ ಗಾಳಿ ಎದ್ದಿತು, ಅಪ್ಪ ವಾಲಿದ, ಜನ ‘ಹೋ’ ಎಂದರು, ಅಮ್ಮ ತಲೆ ಎತ್ತಿದಳು. ಅಷ್ಟೇ. ಅಪ್ಪ ಸಾಯಲಿಲ್ಲ. ಸೊಂಟ ಮುರಿದುಕೊಂಡು ಮಂಚ ಹಿಡಿದ. ಗಾಳಿಯನ್ನು ಯಾರೂ ಬೈಯಲಿಲ್ಲ, ಗಾಳಿಯಲ್ಲಿ ಹತ್ತಿದ ಗಂಡಸನ್ನೂ ಬೈಯಲಿಲ್ಲ. ಗಂಡ ಬೀಳುತ್ತಿದ್ದಾನೆಂದು ಕಣ್ಣೆತ್ತಿದ ಹೆಂಗಸನ್ನು ಮಾತ್ರ ಇಡೀ ಮನೆತನ ಅವಳು ಸಾಯುವವರೆಗೂ ಓರೆಗಣ್ಣಿನಲ್ಲಿ ನೋಡಿತು. ಪರಂಪರೆ ಪರಂಪರೆ ಎಂದು ಎದೆ ತಟ್ಟಿಕೊಳ್ಳುತ್ತಾರಲ್ಲ, ಅದರೊಳಗೆ ಇಂಥವೂ ಸೇರಿವೆ.

ಮಂಚದಲ್ಲಿ ಮಲಗಿದ್ದಲ್ಲಿಂದಲೇ ಅಪ್ಪ ತೀರ್ಮಾನ ಮಾಡಿದ. “ತಂತಿ ಅವನಿಗೆ. ಹಗ್ಗ ನಿಂಗೆ.”

“ನಾನು ಚೆನ್ನಾಗಿ ನಡೀತೀನಿ ಅಂದಿದ್ದೆ ನೀನು.”

“ನಡೆಯೋರು ಸಿಕ್ತಾರೆ ಕಣೇ. ನೋಡದೆ ಇರೋರು ಸಿಗಲ್ಲ.”

ಅದು ಹೊಗಳಿಕೆಯೋ ಶಿಕ್ಷೆಯೋ ಎಂದು ಆ ಹುಡುಗಿಗೆ ಆಗಲೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. ತಮ್ಮ ನಡೆದ ನಡಿಗೆಗಳೆಲ್ಲ ಅವಳ ಕೈಗಳ ಮೇಲೆಯೇ ಹಾದುಹೋದವು. ಒಂದನ್ನೂ ಅವಳು ನೋಡಲಿಲ್ಲ. ಮದುವೆಗೆ ಕೇಳಿಕೊಂಡು ಬಂದವರು ಅವಳ ಅಂಗೈ ಮುಟ್ಟಿ ಅರದ ಹಾಗೆ ಒರಟಾಗಿದೆಯಲ್ಲ ಎಂದು ಎದ್ದುಹೋದರು. ಒಬ್ಬ ಮಾತ್ರ ಪರವಾಗಿಲ್ಲ ಎಂದ. ಆ ತಿಂಗಳು ತಮ್ಮನ ನಡಿಗೆಗಳಿದ್ದವು, ಮನೆಯವರು ಮುಂದೆ ನೋಡೋಣ ಎಂದರು. ಅವನು ಮುಂದೆ ನೋಡಲಿಲ್ಲ. ತಂತಿಯಿಂದ ಇಳಿದ ತಮ್ಮ ರೂಢಿಯಂತೆ ಹತ್ತಿರ ಬಂದು “ಹೂಂ?” ಅನ್ನುತ್ತಿದ್ದ, ಅವಳು “ಹೂಂ” ಅನ್ನುತ್ತಿದ್ದಳು. ಅಕ್ಕ ತಮ್ಮಂದಿರ ಮಾತುಕತೆ ಹೆಚ್ಚೂಕಡಿಮೆ ಅಷ್ಟೇ.

ಅದು ಬದಲಾದದ್ದು ತಮ್ಮನ ಮಗಳು ತಂತಿ ಹತ್ತಿದ ಮೇಲೆ. ಉದ್ದ ಕಾಲಿನ, ಒಂದು ಕಡೆ ನಿಲ್ಲದ ಹುಡುಗಿ. ಮನೆಯಲ್ಲಿ ಮಿಡತೆ ಎಂದೇ ಕರೆಯುತ್ತಿದ್ದರು. ಮುಚ್ಚಿಹೋದ ನೂಲಿನ ಗಿರಣಿಯೊಂದರ ಅಂಗಳದಲ್ಲಿ ಅವರ ಅಭ್ಯಾಸ. ಎರಡು ಗೋಡೆಗಳ ನಡುವೆ ತಂತಿ, ಕೆಳಗೆ ಸಿಮೆಂಟಿನ ಬಿರುಕಿನಲ್ಲಿ ಹುಲ್ಲು. ಮಿಡತೆ ಇಳಿದವಳೇ ಓಡಿಬಂದು ಅತ್ತೆಯ ಪಕ್ಕ ಧೊಪ್ಪನೆ ಕೂರುತ್ತಿದ್ದಳು.

“ಹೇಳು ಅತ್ತೆ, ಹೇಗೆ ನಡೆದೆ?”

“ಶುರುನಲ್ಲಿ ಯಾರ ಮೇಲೋ ಸಿಟ್ಟಿತ್ತು. ಹಿಮ್ಮಡಿ ಕುಟ್ತಿದ್ದೆ.”

“ಅಪ್ಪನ ಮೇಲೆ. ಆಮೇಲೆ?”

“ನಡುವೆ ಬಂದಾಗ ಏನೋ ಹಾಡು ಹೇಳ್ಕೊಂಡೆ.”

“ಅಯ್ಯೋ, ಮನಸ್ಸಲ್ಲೇ ಹೇಳ್ಕೊಂಡಿದ್ದು! ನಿಂಗೆ ಹೇಗೆ ಗೊತ್ತು?”

“ಕಾಲು ಹೇಳ್ತು. ತಾಳ ತಪ್ಪಿದೆ, ಸರಿಯಾಗಿ ಕಲಿ.”

ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ಅಕ್ಕನ ಬದುಕಿನಲ್ಲಿ ಯಾರಾದರೂ ಅವಳ ಹತ್ತಿರ ಓಡಿಬರುತ್ತಿದ್ದದ್ದು ಅದೊಂದೇ ಗಳಿಗೆ. ಮಿಕ್ಕ ಹೊತ್ತೆಲ್ಲ ಅವಳು ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ, ಸುರುಳಿ ಸುತ್ತಿಟ್ಟ ಹಗ್ಗಗಳ ಜೊತೆ ಇರುತ್ತಿದ್ದಳು. ಬೇಕಾದಾಗ ಹೊರಗೆ ತೆಗೆಯುವ ಸಾಮಾನುಗಳ ಕೋಣೆ ಅದು.

ಕೈ ಕೆಟ್ಟದ್ದು ಇದೇ ಹೊತ್ತಿನಲ್ಲಿ. ಮೊದಲು ಬೆಳಗಿನ ಹೊತ್ತು ಬೆರಳು ಮರಗಟ್ಟುತ್ತಿದ್ದವು. ಆಮೇಲೆ ಡಬ್ಬಿಯ ಮುಚ್ಚಳ ತೆಗೆಯಲಾಗಲಿಲ್ಲ. ಒಂದು ದಿನ ಹಿಡಿದ ಲೋಟ ಕೈಯಲ್ಲಿದೆ ಎಂದುಕೊಂಡೇ ಇದ್ದಳು, ಅದು ನೆಲಕ್ಕೆ ಬಿದ್ದು ಚೂರಾಗಿತ್ತು. “ಕೈ ಜಾರ್ತು” ಎಂದು ಸುಳ್ಳು ಹೇಳಿದಳು. ಸುಳ್ಳೇನಲ್ಲ, ಪೂರ್ತಿ ನಿಜವಲ್ಲ ಅಷ್ಟೇ.

ಮಿಡತೆಯ ಮೊದಲ ಬಹಿರಂಗ ನಡಿಗೆ ಗೊತ್ತಾಗಿತ್ತು. ದೊಡ್ಡ ಪೀಠೋಪಕರಣದ ಮಳಿಗೆಯೊಂದು ಬಾಗಿಲು ತೆರೆಯುವುದಿತ್ತು. ಅದರ ಮಹಡಿಯಿಂದ ಎದುರುಗಡೆಯ ಕಟ್ಟಡದ ಮಹಡಿಗೆ ತಂತಿ, ನಡುವೆ ಕಾರು ನಿಲ್ಲಿಸುವ ಬಯಲು. ಜನ ಸೋಫಾ ಕೊಳ್ಳಲೆಂದು ಹುಡುಗಿಯೊಬ್ಬಳು ಆಕಾಶದಲ್ಲಿ ನಡೆಯಬೇಕು. ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ತಮ್ಮನಂತೂ ಹಿಗ್ಗಿ ಹೋಗಿದ್ದ.

ಕೈಯ ವಿಷಯ ಹೇಳಿದರೆ ಹಗ್ಗ ಹೋಗುತ್ತದೆ. ಹಗ್ಗ ಹೋದರೆ ಇಳಿದುಬಂದ ಹುಡುಗಿ ಬೇರೆ ಯಾರ ಬಳಿಗೋ ಓಡುತ್ತಾಳೆ. ಅಕ್ಕ ಅಷ್ಟು ಮಾತ್ರ ಯೋಚಿಸಿದಳು. ಯೋಚಿಸಿ, ಅವಳ ಮನೆಯವರಷ್ಟೇ ಮಾಡಬಹುದಾದ ತಪ್ಪೊಂದನ್ನು ಮಾಡಿದಳು. ದೊಗಳೆ ಕೋಟೊಂದನ್ನು ತೊಟ್ಟು, ಅದರೊಳಗೆ ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ತಂದುಕೊಂಡಳು. ಕೈ ಬರೀ ತೋರಿಕೆಗೆ ಮುಂದೆ ಇರುತ್ತಿತ್ತು, ಭಾರವನ್ನೆಲ್ಲ ಸೊಂಟ ಹೊರುತ್ತಿತ್ತು.

ಮೊದಲ ದಿನವೇ ಮಿಡತೆ ಇಳಿದು ಬಂದು ಅಂಗಾಲು ಉಜ್ಜಿಕೊಂಡಳು. “ಅತ್ತೆ, ಇವತ್ತು ತಂತಿ ಉಸಿರಾಡ್ತಿತ್ತು.”

“ಬಿಸಿಲಿಗೆ ತಂತಿ ಹಿಗ್ಗಿರುತ್ತೆ,” ಎಂದಳು ಅಕ್ಕ.

“ಹಿಗ್ಗಿದ್ರೆ ಜೋಲುತ್ತೆ. ಇದು ಹಂಗಲ್ಲ. ಯಾರೋ ಮಲ್ಕೊಂಡಿರೋರ ಹೊಟ್ಟೆ ಮೇಲೆ ನಡೆದ ಹಾಗಿತ್ತು.”

ತಾನು ನಡೆಯುವುದು ಬಿಟ್ಟು ಈಗ ಬಲಗಡೆಯ ಹಗ್ಗ ಹಿಡಿಯುತ್ತಿದ್ದ ತಮ್ಮ ಇದನ್ನು ಕೇಳಿಸಿಕೊಂಡು ನೇರ ಹೋದದ್ದು ಗೊಣಗನ ಬಳಿಗೆ. ಗೊಣಗ ಅವರ ಸಂಬಳದಾಳು. ವ್ಯಾನು ಓಡಿಸುವವನು, ಗೂಟ ಹೊಡೆಯುವವನು, ತಂತಿ ಬಿಗಿಯುವವನು ಎಲ್ಲ ಅವನೇ. ಬಿಸಿಲಿದ್ದರೂ ಮೋಡವಿದ್ದರೂ ಗೊಣಗುತ್ತಿದ್ದದ್ದರಿಂದ ಆ ಹೆಸರು. “ಏನಯ್ಯಾ ಬಿಗಿದಿದೀಯ? ತಂತಿನೋ ಬಟ್ಟೆ ಒಣಗಿಸೋ ದಾರನೋ?” ಎಂದು ತಮ್ಮ ರೇಗಿದ. ಗೊಣಗ ತಂತಿ ಬಿಗಿಯುವ ರಾಟೆಯನ್ನು ಬಿಚ್ಚಿ ಮತ್ತೆ ಬಿಗಿದ.

ಮರುದಿನ ಅದು ಆಯಿತು. ಹುಡುಗಿ ನಟ್ಟನಡುವಿನಲ್ಲಿದ್ದಾಗ ಅಕ್ಕನಿಗೆ ಕೆಮ್ಮು ಬಂತು. ತಡೆದಳು. ತಡೆದದ್ದು ಇಮ್ಮಡಿಯಾಗಿ ಒಡೆಯಿತು. ಸೊಂಟದಿಂದ ಹಗ್ಗಕ್ಕೆ, ಹಗ್ಗದಿಂದ ತಂತಿಗೆ ಆ ಕೆಮ್ಮು ಏರಿಹೋದದ್ದು ಅವಳಿಗೇ ಗೊತ್ತಾಯಿತು. ಮೇಲಿನಿಂದ ‘ಹಾ’ ಎಂಬ ಸಣ್ಣ ಸದ್ದು ಬಂತು. ಕೋಲಿನ ನೆರಳು ಸಿಮೆಂಟಿನ ಮೇಲೆ ಒಂದು ಕಡೆಗೆ ವಾಲಿ, ನಿಂತು, ಮತ್ತೆ ಮೆಲ್ಲಗೆ ಸಮವಾಯಿತು. ಹುಡುಗಿ ಕುಕ್ಕರಗಾಲಿನಲ್ಲಿ ಕುಸಿದು ತಂತಿಯ ಮೇಲೆಯೇ ಕೂತಿದ್ದಳು. ಅಕ್ಕ ನೋಡಿದ್ದು ನೆರಳನ್ನು ಮಾತ್ರ. ಆಗಲೂ ತಲೆ ಎತ್ತಲಿಲ್ಲ.

ತಮ್ಮ ಈ ಸಲ ಗೊಣಗನ ಅಪ್ಪ ಅಮ್ಮ ಇಬ್ಬರನ್ನೂ ಸೇರಿಸಿ ಬೈದ. “ನನ್ನ ಮಗಳನ್ನ ಕೊಲ್ತೀಯೇನೋ? ನಾಳೆಯಿಂದ ಬರಬೇಡ, ಹೋಗು!” ಎಲ್ಲದಕ್ಕೂ ಗೊಣಗುವ ಮನುಷ್ಯ ಅದೊಂದಕ್ಕೆ ತುಟಿ ಬಿಚ್ಚಲಿಲ್ಲ. ರಾಟೆಗೆ ಬಟ್ಟೆ ಮುಚ್ಚಿ, ಅಂಗಳದ ಮೂಲೆಯ ನಲ್ಲಿಯಲ್ಲಿ ಕೈ ತೊಳೆಯಲು ಹೋದ. ಅಕ್ಕ ಹಿಂದೆಯೇ ಹೋದಳು.

“ನೀನ್ಯಾಕೆ ಸುಮ್ನಿದ್ದೆ?”

ಅವನು ನೀರಿನ ಕಡೆ ನೋಡುತ್ತಲೇ ಹೇಳಿದ. “ನಿನ್ನೆಯಿಂದ ನೋಡ್ತಿದೀನಕ್ಕ. ಕೋಟು ಬಿಗಿಯಾಗಿರೋ ಜಾಗ ಕಾಣ್ಸುತ್ತೆ.”

“ಮತ್ತೆ ಹೇಳ್ಬೇಕಿತ್ತು ಅವನಿಗೆ.”

“ಹೇಳೋದು ನಾನಾ? ನಾನು ಬೈಸ್ಕೊಳ್ಳೋಕೇ ಹುಟ್ಟಿದೋನು, ನಂಗೇನೂ ಆಗಲ್ಲ. ಆ ಮಗು ಬೀಳೋಕೆ ಹುಟ್ಟಿಲ್ಲ.” ನಲ್ಲಿ ನಿಲ್ಲಿಸಿದ. “ಈ ನಲ್ಲಿ ಬೇರೆ, ಎಷ್ಟು ತಿರುಗಿಸಿದ್ರೂ ತೊಟ್ಟಿಕ್ಕುತ್ತೆ, ಹಾಳಾದ್ದು.”

ಅಕ್ಕ ಅಲ್ಲೇ ನಿಂತಳು. ಅಮ್ಮ ಕಣ್ಣೆತ್ತಿದ್ದು ಅಪ್ಪನ ಮೇಲಿನ ಜೀವಕ್ಕೆ. ತಾನು ಹಗ್ಗ ಸುತ್ತಿಕೊಂಡದ್ದು ತನ್ನ ಆಸೆಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎರಡೂ ಕೈಗಳನ್ನು ಮುಂದಿಟ್ಟಳು. “ಗೊಣಗನ್ನ ಕೆಲಸದಿಂದ ಬಿಡಿಸ್ಬೇಡ. ಹಗ್ಗ ಸೊಂಟಕ್ಕೆ ಸುತ್ಕೊಂಡಿದ್ದೆ ನಾನು. ಕೈ ನಿಲ್ತಿಲ್ಲ.”

ತಮ್ಮನ ಕೈಯ ತುತ್ತು ಅರ್ಧದಲ್ಲೇ ನಿಂತಿತು. ಅವನ ಬಾಯಿಂದ ಮೊದಲು ಬಂದ ಮಾತು, “ಈಗ ಹೇಳ್ತೀಯಾ? ಪೋಸ್ಟರ್ ಅಂಟ್ಸಿ ಆಯ್ತು!” ಎರಡನೆಯದು, “ಯಾರು ಹಿಡೀತಾರೆ ಈಗ?” ಕೈಗೆ ಏನಾಗಿದೆ ಎನ್ನುವುದು ಮೂರನೆಯ ಮಾತಾಗಿಯೂ ಬರಲಿಲ್ಲ. ಯಂತ್ರ ಕೆಟ್ಟರೆ ಜನ ಹೀಗೆಯೇ ಮಾತಾಡುತ್ತಾರೆ. ಅವನು ದುಷ್ಟನಲ್ಲ. ಆ ಮನೆಯಲ್ಲಿ ಬೆಳೆದವನು, ಅಷ್ಟೇ.

ಮಿಡತೆ ಆ ಕೈಗಳನ್ನು ನೋಡಲಿಲ್ಲ, ಅತ್ತೆಯ ಮುಖವನ್ನು ನೋಡಿದಳು. “ಗೊತ್ತಿದ್ದೂ ಹತ್ತಿಸಿದ್ಯಾ ನನ್ನ?”

“ಹೂಂ.”

“ಯಾಕೆ?”

ಅದಕ್ಕೆ ಉತ್ತರ ಇತ್ತು. ನೀನು ನನ್ನ ಹತ್ತಿರ ಓಡಿಬರುತ್ತೀಯಲ್ಲ, ಅದಕ್ಕೆ. ಆದರೆ ಅಷ್ಟು ದೊಡ್ಡ ಮಾತು ಆಡಿ ಅವಳಿಗೆ ರೂಢಿಯಿರಲಿಲ್ಲ. ಮುಂದಿಟ್ಟ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಹುಡುಗಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಅವಳು ಅತ್ತೆಯ ಜೊತೆ ಮಾತಾಡಿದ್ದು ಅಷ್ಟಕ್ಕಷ್ಟೇ. ‘ಹೂಂ’, ‘ಉಹೂಂ’. ಅಪ್ಪನ ಮಗಳು.

ಹಗ್ಗ ಗೊಣಗನಿಗೆ ಹೋಯಿತು. ಹೇಳಿಕೊಡುವುದು ಮಾತ್ರ ಅಕ್ಕನ ಪಾಲಿಗೆ ಬಂತು. “ಹಿಂಡ್ಬೇಡ. ಹಕ್ಕಿಮರಿ ಹಿಡಿದ ಹಾಗೆ ಹಿಡಿ” ಎಂದಳು.

“ಹಕ್ಕಿಮರಿ ಇಷ್ಟು ಭಾರ ಇರಲ್ಲಕ್ಕ.”

“ಬಾಯಿ ಮುಚ್ಕೊಂಡು ಹಿಡಿ. ಮಾತಾಡಿದ್ರೆ ಕೈ ಕಿವುಡಾಗುತ್ತೆ.”

ಅವನು ಕಲಿತ. ಅವಳು ಅಂದುಕೊಂಡದ್ದಕ್ಕಿಂತ ಬೇಗ ಕಲಿತ. ಅದು ಅವಳಿಗೆ ಸಮಾಧಾನವನ್ನೂ ಕೊಟ್ಟಿತು, ಒಳಗೆಲ್ಲೋ ಚುಚ್ಚಿತು ಕೂಡ. ತಾನಿಲ್ಲದೆ ಆಗುವುದೇ ಇಲ್ಲ ಅಂದುಕೊಂಡ ಕೆಲಸ ಬೇರೆಯವರ ಕೈಯಲ್ಲಿ ಸಲೀಸಾಗಿ ಕೂತಾಗ ಹಾಗೆಯೇ ಆಗುತ್ತದೆ.

ನಡಿಗೆಯ ದಿನ ತಮ್ಮ ಅವಳನ್ನು ಮುಂದಿನ ಸಾಲಿನ ಕುರ್ಚಿಯೊಂದರಲ್ಲಿ ಕೂರಿಸಿದ. ಮಾರಾಟಕ್ಕಿಟ್ಟ ಕುರ್ಚಿಗಳನ್ನೇ ಅತಿಥಿಗಳಿಗೆ ಹಾಕಿದ್ದರು, ಕಾಲುಗಳಿಗೆ ಇನ್ನೂ ಪ್ಲಾಸ್ಟಿಕ್ ಸುತ್ತಿತ್ತು. “ಕೂತ್ಕೋ ಅಕ್ಕ. ಜೀವಮಾನವೆಲ್ಲ ನೆಲ ನೋಡಿದ್ದಾಯ್ತು. ಇವತ್ತು ಕಣ್ತುಂಬ ನೋಡು,” ಎಂದ. ದೊಡ್ಡ ಉಡುಗೊರೆ ಕೊಟ್ಟವನ ಹಾಗೆ ಅವನ ಮುಖ ಅರಳಿತ್ತು. ಆಮೇಲೆ ಬಲಗಡೆಯ ಹಗ್ಗಕ್ಕೆ ಹೋದ.

ಅಕ್ಕ ತಲೆ ಎತ್ತಿದಳು. ಕತ್ತು ನೋಯಿತು. ಬಗ್ಗಿ ಬಗ್ಗಿ ಗಟ್ಟಿಯಾದ ಕತ್ತು. ಮೇಲೆ ಬಿಳಿ ಆಕಾಶ, ಅದರಲ್ಲಿ ಕಪ್ಪು ಗೆರೆ, ಗೆರೆಯ ತುದಿಯಲ್ಲಿ ಅವರ ಹುಡುಗಿ. ಎಷ್ಟು ಸಣ್ಣಗಿದ್ದಾಳೆ! ಇಷ್ಟು ಸಣ್ಣ ಜೀವ ಅಷ್ಟು ಭಾರವಾಗಿ ತನ್ನ ಕೈಗೆ ಹೇಗೆ ಬರುತ್ತಿತ್ತು? ಹುಡುಗಿ ಹೆಜ್ಜೆ ಇಟ್ಟಳು. ಕಾಲು ಮುಂದೆ ಬಂದು, ತಂತಿಯನ್ನು ತಡವಿ, ಕೂತಿತು. ಚೆಂದವಿತ್ತು. ಇಷ್ಟು ಚೆಂದವಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಆದರೆ ಅಷ್ಟೇ. ಕಣ್ಣಿಗೆ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಹಿಮ್ಮಡಿಯಲ್ಲಿ ಸಿಟ್ಟಿದೆಯೋ, ಹೆದರಿಕೆಯಿದೆಯೋ, ಮನಸ್ಸಿನಲ್ಲಿ ಹಾಡಿದೆಯೋ ಯಾವುದೂ ತಿಳಿಯಲಿಲ್ಲ. ಮಡಿಲಲ್ಲಿ ಖಾಲಿ ಕೈಗಳು ಏನನ್ನೋ ಹುಡುಕುವ ಹಾಗೆ ಮಗುಚಿ ಮಗುಚಿ ಬೀಳುತ್ತಿದ್ದವು. ಸುತ್ತ ಕೂತ ಜನರಿಗೆ ತಿಳಿದಷ್ಟೇ ಅವಳಿಗೂ ತಿಳಿದಿತ್ತು, ಒಂದು ಹುಡುಗಿ ಎತ್ತರದಲ್ಲಿ ನಡೆಯುತ್ತಿದ್ದಾಳೆ. ಇಷ್ಟು ವರ್ಷ ತನಗೆ ತಪ್ಪಿಹೋಯಿತೆಂದು ಒಳಗೊಳಗೇ ಅತ್ತದ್ದು ಇದಕ್ಕೇನಾ?

ನಡುವಿನಲ್ಲಿ ಹುಡುಗಿ ನಿಂತಳು. ಬಹಳ ಹೊತ್ತು ನಿಂತಳು. ಜನ ಅದನ್ನೊಂದು ಚಮತ್ಕಾರ ಎಂದುಕೊಂಡು ಚಪ್ಪಾಳೆ ತಟ್ಟಿದರು. ಪಕ್ಕದ ಕುರ್ಚಿಯ ಹೆಂಗಸು “ಎಷ್ಟು ಧೈರ್ಯ ನೋಡಿ” ಎಂದಳು. ಧೈರ್ಯಕ್ಕೆ ನಿಂತಳೋ, ಅಧೈರ್ಯಕ್ಕೋ? ಅಕ್ಕ ಗೊಣಗನ ಕಡೆ ತಿರುಗಿದಳು. ಅವನ ತಲೆ ಎದೆಗೆ ಅಂಟಿತ್ತು. ಕೈ ಒಂದು ಚೂರು ಬಿಟ್ಟಿತು, ಕಾದಿತು, ಮತ್ತೆ ಅಷ್ಟೇ ಚೂರು ಎಳೆದುಕೊಂಡಿತು. ಸರಿಯಾಗಿ ಮಾಡಿದ. ಅವಳಾಗಿದ್ದರೂ ಹಾಗೆಯೇ ಮಾಡುತ್ತಿದ್ದಳು. ಮೇಲೆ ಹುಡುಗಿ ನಡೆದಳು, ಆಚೆಯ ಗೋಡೆ ಮುಟ್ಟಿದಳು. ಬಯಲಿಡೀ ಎದ್ದು ನಿಂತಿತು. ಧ್ವನಿವರ್ಧಕದಲ್ಲಿ ಯಾರೋ ಸೋಫಾಗಳ ರಿಯಾಯಿತಿಯನ್ನು ಕೂಗತೊಡಗಿದರು.

ಮಿಡತೆ ಮೆಟ್ಟಿಲಿಳಿದು ಜನರನ್ನು ಸೀಳಿಕೊಂಡು ಬಂದಳು. ಯಾರೋ ಹಾರ ಚಾಚಿದರು, ಯಾರೋ ನೀರಿನ ಬಾಟಲಿ ಚಾಚಿದರು, ಎರಡನ್ನೂ ತಳ್ಳಿದಳು. ಅವಳ ಮುಖ ಸುಣ್ಣದ ಹಾಗೆ ಬೆಳ್ಳಗಿತ್ತು. ಅಷ್ಟು ದಿನದ ಮುನಿಸು ಎಲ್ಲಿಗೆ ಹೋಯಿತೋ, ಕಾಲು ರೂಢಿಯಂತೆ ಅತ್ತೆಯ ಕಡೆಗೇ ಬಂದವು.

“ಅತ್ತೆ, ನಾನು ಹೇಗೆ…”

ಮಡಿಲಿನ ಕೈಗಳು ತಾವಾಗಿ ಮೇಲೆದ್ದವು. ಒಂದು ಸುಳ್ಳು ಸಾಕಿತ್ತು. ಚೆನ್ನಾಗಿ ನಡೆದೆ ಕಣೇ ಎಂದರೆ ಮುಗಿಯಿತು. ಹುಡುಗಿ ಪಕ್ಕದಲ್ಲಿ ಧೊಪ್ಪನೆ ಕೂರುತ್ತಿದ್ದಳು.

“ನಂಗೊತ್ತಿಲ್ಲ,” ಎಂದಳು ಅಕ್ಕ. “ನಾನು ಬರೀ ನೋಡಿದೆ. ಹಿಡಿದೋನು ಅವನು, ಅವನನ್ನ ಕೇಳು. ಮೊದಲು ಅಲ್ಲಿಗೆ ಹೋಗು.”

ಹುಡುಗಿ ಒಂದು ಗಳಿಗೆ ನಿಂತಳು. ಆಮೇಲೆ ಹೋದಳು. ಗೊಣಗ ಇನ್ನೂ ಹಗ್ಗ ಬಿಟ್ಟಿರಲಿಲ್ಲ, ಬಿಡಬಹುದೆಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ. ಮಿಡತೆ ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಅವನು ಏನೋ ಹೇಳಿದ. ಅವಳು ತಲೆಯಾಡಿಸಿದಳು. ಅವನು ಮತ್ತೇನೋ ಹೇಳಿದ್ದಕ್ಕೆ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ಇಷ್ಟು ದೂರಕ್ಕೆ ಗೊತ್ತಾಗಲಿಲ್ಲ.

“ಆ ಹುಡುಗಿ ನಿಮಗೇನಾಗಬೇಕು?” ಪಕ್ಕದ ಹೆಂಗಸು ಕೇಳಿದಳು.

“ತಮ್ಮನ ಮಗಳು.”

“ಅಯ್ಯೋ, ಹೌದಾ! ನೀವೂ ಅದೇ ಕೆಲಸದೋರಾ?”

ಅಷ್ಟರಲ್ಲಿ ಮಳಿಗೆಯ ಬಾಗಿಲು ತೆರೆಯಿತು. ಹೆಂಗಸು ಚೀಲ ಎತ್ತಿಕೊಂಡು ಜನರ ಜೊತೆ ಒಳಗೆ ನುಗ್ಗಿದಳು. ಕೆಲಸದವರು ಬಂದು ಸಾಲಿನ ತುದಿಯಿಂದ ಕುರ್ಚಿಗಳನ್ನು ಎತ್ತಿ ಒಂದರ ಮೇಲೊಂದು ಜೋಡಿಸತೊಡಗಿದರು. ಅವಳ ಕುರ್ಚಿಯ ಸರದಿ ಬಂದಾಗ ಒಬ್ಬ “ಏಳ್ತೀರಾ ಅಮ್ಮಾ?” ಎಂದ. ಅಕ್ಕ ಎದ್ದಳು.